ಕಾಟಿ ಮೇಯ್ದ ಪಾರ್ಸ್ಲಿ

ಮೊದಲು ಕಂಡದ್ದು ತೇಕು. ಜೂನ್ ತಿಂಗಳ ಒಂದು ಬೆಳಿಗ್ಗೆ ನನ್ನ ಹೆಂಡತಿ ನಾಗು ಕ್ಯಾರೆಟ್ ಪಾತಿಯ ಕಳೆ ತೆಗೆದು ಮನೆಯ ಕಡೆ ಹತ್ತಿ ಬರುತ್ತಿದ್ದವಳು ನಡುದಾರಿಯಲ್ಲೇ ಕೂತುಬಿಟ್ಟಳು. ನಮ್ಮ ಹೊಲ ಗುಡ್ಡದ ಓರೆಯಲ್ಲಿದೆ, ಮೆಟ್ಟಿಲು ಮೆಟ್ಟಿಲಾಗಿ. ಇಪ್ಪತ್ತೆರಡು ವರ್ಷ ಅವಳು ಆ ದಾರಿಯನ್ನು ಹತ್ತಿ ಇಳಿದಿದ್ದಾಳೆ, ತಲೆಯ ಮೇಲೆ ಹೊರೆ ಇಟ್ಟುಕೊಂಡು, ನನ್ನನ್ನು ಬೈದುಕೊಂಡು. ಅವತ್ತು ಬೈಯಲಿಲ್ಲ. ನನಗೆ ವಿಚಿತ್ರವೆನಿಸಿದ್ದು ಅದೇ.

ವಯಸ್ಸಾಯಿತು ಎಂದುಕೊಂಡೆವು. ನಲವತ್ತಾರು ಏನು ಮಹಾ ವಯಸ್ಸು? ಆದರೂ ಹಾಗೇ ಅಂದುಕೊಂಡೆವು. ಹಾಗೆ ಅಂದುಕೊಂಡರೆ ಆಸ್ಪತ್ರೆಗೆ ಹೋಗುವುದು ತಪ್ಪುತ್ತದೆ.

ಮೂರು ವಾರ ತಪ್ಪಿತು. ಆಮೇಲೆ ಮಲಗಿದರೆ ಉಸಿರು ಕಟ್ಟತೊಡಗಿತು. ಕೂತೇ ನಿದ್ದೆ ಮಾಡತೊಡಗಿದಳು. ಊಟಿಗೆ ಕರೆದುಕೊಂಡು ಹೋದೆ. ಹೃದಯದ ಎಕೋ ಸ್ಕ್ಯಾನ್ ಮಾಡಿದರು. ಚಿಕ್ಕಂದಿನಲ್ಲಿ ಕೀಲು ನೋವು, ಜ್ವರ ಬಂದಿತ್ತೇ ಎಂದು ಡಾಕ್ಟರ್ ಕೇಳಿದರು. ಬಂದಿತ್ತು, ಗುಂಡ್ಲುಪೇಟೆಯ ತವರಿನಲ್ಲಿ, ಅವಳಿಗೆ ಒಂಬತ್ತು ವರ್ಷವಿದ್ದಾಗ. ಎರಡು ತಿಂಗಳು ಶಾಲೆ ತಪ್ಪಿತ್ತು. ಮನೆಯವರೆಲ್ಲ ಅದನ್ನು ಮರೆತೇಬಿಟ್ಟಿದ್ದರು. ಆ ಜ್ವರ ಕೆಡಿಸಿದ್ದ ಹೃದಯದ ಮೈಟ್ರಲ್ ವಾಲ್ವ್ ಮರೆತಿರಲಿಲ್ಲ. ಮೂವತ್ತೇಳು ವರ್ಷ ಸದ್ದಿಲ್ಲದೆ ಗಟ್ಟಿಯಾಗುತ್ತಾ, ಕಿರಿದಾಗುತ್ತಾ ಬಂದಿತ್ತು.

ವಾಲ್ವ್ ಬದಲಾಯಿಸಬೇಕು ಎಂದರು.

ಜುಲೈ ಕೊನೆಗೆ ಕೊಯಮತ್ತೂರಿನಲ್ಲಿ ಓಪನ್ ಹಾರ್ಟ್ ಸರ್ಜರಿ ಆಯಿತು. ಐಸಿಯುನಲ್ಲಿ ಐದು ದಿನ, ವಾರ್ಡಿನಲ್ಲಿ ಒಂಬತ್ತು ದಿನ. ನಾನು ಕಂಡದ್ದನ್ನೆಲ್ಲ ಬರೆಯುವುದಿಲ್ಲ. ಎಲ್ಲ ಆಸ್ಪತ್ರೆಗಳ ಬೆಂಚುಗಳೂ ಒಂದೇ, ಅವುಗಳ ಮೇಲೆ ಕೂತವರ ಮುಖಗಳೂ ಒಂದೇ. ಮನೆಗೆ ಬರುವಾಗ ಅವಳ ಎದೆಯ ಮೇಲೆ ಉದ್ದನೆಯ ಹೊಲಿಗೆ, ಒಳಗೆ ಲೋಹದ ವಾಲ್ವ್, ಕೈಯಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ಇತ್ತು. ಮಾತ್ರೆ ಜೀವನಪೂರ್ತಿ.

ಈ ಮಾತ್ರೆಯ ವಿಷಯ ಸ್ವಲ್ಪ ಹೇಳಬೇಕು. ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಯಲು ಐಎನ್‌ಆರ್ ಎಂಬ ಪರೀಕ್ಷೆ ಇದೆ. ನಾಗುವಿನ ಅಂಕಿ ಎರಡೂವರೆಯಿಂದ ಮೂರೂವರೆಯ ನಡುವೆ ಇರಬೇಕು. ಅದಕ್ಕಿಂತ ಇಳಿದರೆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಒಂದು ಚೂರು ಮಿದುಳಿಗೆ ಹೋದರೆ ಸ್ಟ್ರೋಕ್. ಏರಿದರೆ ರಕ್ತ ಎಲ್ಲಿಂದ ಬೇಕಾದರೂ ಸೋರಬಹುದು. ಅಂದರೆ ಈ ಕಡೆ ದರಿ, ಆ ಕಡೆ ಪುಲಿ. ನಡುವಿನ ಕಾಲುದಾರಿಯಲ್ಲಿ ಅವಳನ್ನು ನಡೆಸುವುದು ನನ್ನ ಕೆಲಸ. ಮನೆಯಲ್ಲಿ ನಾವಿಬ್ಬರೇ. ಮಗಳು ಗೂಡಲೂರಿಗೆ ಮದುವೆಯಾಗಿ ಹೋಗಿದ್ದಾಳೆ, ಅವಳ ಮಗು ಇನ್ನೂ ಸಣ್ಣದು.

ಆಸ್ಪತ್ರೆಯವರು ತಮಿಳಿನಲ್ಲಿ ಅಚ್ಚು ಮಾಡಿದ ಒಂದು ಪಟ್ಟಿ ಕೊಟ್ಟಿದ್ದರು, ಏನೇನು ತಿನ್ನಬಾರದು ಎಂದು. ಕೀರೆ, ಅಂದರೆ ನಾವು ಸಾರಿಗೆ ಹಾಕುವ ಸೊಪ್ಪುಗಳು, ನುಗ್ಗೆಸೊಪ್ಪು, ಎಲೆಕೋಸು, ಹೀಗೆ ಹದಿನಾಲ್ಕು ಹೆಸರು. ಅದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಎಲ್ಲವನ್ನೂ ಬಿಡಿಸಿದೆ.

ನಮ್ಮ ತಾತ ಆಲೂಗಡ್ಡೆ ಬೆಳೆಯಲೆಂದು ಮೈಸೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ಅವಲಾಂಚ್ ರಸ್ತೆಯ ಪಕ್ಕದಲ್ಲಿ ನಮ್ಮದು ಮುಕ್ಕಾಲು ಎಕರೆ. ಕ್ಯಾರೆಟ್, ಬೀಟ್‌ರೂಟ್ ಇದ್ದದ್ದೇ. ಅದರ ಜೊತೆಗೆ ಎಂಟು ವರ್ಷದಿಂದ ಊಟಿಯ ಹೋಟೆಲುಗಳಿಗೆ ಕೊತ್ತಂಬರಿಯಂತೆ ಕಾಣುವ ಪಾರ್ಸ್ಲಿ, ಸೆಲೆರಿ, ಲೀಕ್ಸ್, ಲೆಟ್ಯೂಸ್, ತೈಮ್ ಬೆಳೆಯುತ್ತೇನೆ. ಈ ಬೆಳೆಗಳಿಗೆ ಚಳಿಗಾಲವೇ ಹಿತ. ಮಳೆ ಹಿಂದೆಗೆದಿರುತ್ತದೆ, ಬೇರು ಕೊಳೆಯುವುದಿಲ್ಲ. ಹಗಲು ಎಳೆಬಿಸಿಲು, ಹುಳದ ಕಾಟ ಕಡಿಮೆ, ಎಲೆ ನಿಧಾನವಾಗಿ ಬಂದರೂ ದಪ್ಪನಾಗಿ, ಘಮವಾಗಿ ಬರುತ್ತದೆ. ಭಯವೊಂದೇ, ಪನಿ. ಇಬ್ಬನಿ ಎಲೆಯ ಮೇಲೆ ಹೆಪ್ಪುಗಟ್ಟಿ ಬೆಳ್ಳಗಾಗುವುದಕ್ಕೆ ಇಲ್ಲಿ ಪನಿ ಎನ್ನುತ್ತೇವೆ. ಅದರ ಮೇಲೆ ಬಿಸಿಲು ಬಿತ್ತೋ, ಎಲೆ ಸುಡುತ್ತದೆ. ಸೂರ್ಯ ಹುಟ್ಟುವ ಮೊದಲೇ ಸ್ಪ್ರಿಂಕ್ಲರ್ ಬಿಟ್ಟು ಅದನ್ನು ತೊಳೆಯಬೇಕು.

ಹೋಟೆಲಿಗೆ ಬೆಳೆಯುವುದನ್ನು ನಮ್ಮ ಮನೆಯಲ್ಲಿ ತಿನ್ನುವ ರೂಢಿ ಇರಲಿಲ್ಲ. ಅದು ಸರಕು. ನೇಯುವವಳು ಪಟ್ಟೆ ಸೀರೆ ಉಡುತ್ತಾಳೆಯೇ? ಹಾಗೆ. ಬುಧವಾರ, ಶನಿವಾರ ಕಟ್ಟು ಕಟ್ಟಿ ಊಟಿಗೆ ಒಯ್ಯುತ್ತಿದ್ದೆ. ಮಿಕ್ಕಿದ್ದು ಗೊಬ್ಬರದ ಗುಂಡಿಗೆ.

ಅಕ್ಟೋಬರಿನಲ್ಲಿ ನಾನೊಬ್ಬನೇ ಚಳಿಗಾಲದ ಸಸಿ ನೆಟ್ಟೆ. ನಾಗು ಸ್ವೆಟರ್ ಹಾಕಿಕೊಂಡು ಹಿತ್ತಿಲ ಜಗಲಿಯ ಕುರ್ಚಿಯಿಂದ ನೋಡುತ್ತಿದ್ದಳು. ಎದೆಮೂಳೆ ಕೂಡುವವರೆಗೆ ಅವಳು ಒಂದು ಚೊಂಬು ನೀರನ್ನೂ ಎತ್ತುವಂತಿರಲಿಲ್ಲ. ಸಾಲು ಸೊಟ್ಟಗಾಯಿತು, ಸಸಿ ಆಳಕ್ಕೆ ಹೋಯಿತು ಎಂದು ಕೂತಲ್ಲಿಂದಲೇ ಹೇಳುತ್ತಿದ್ದಳು. ಸರಿಯಾಗಿಯೇ ಹೇಳುತ್ತಿದ್ದಳು. ಆದರೆ ಊಟ ಸೇರುತ್ತಿರಲಿಲ್ಲ. ಎರಡು ತುತ್ತಿಗೆ ಕೈ ತೊಳೆಯುತ್ತಿದ್ದಳು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ನನಗೆ ಭಯವಾಯಿತು. ಸರ್ಜರಿಯ ದಿನಕ್ಕಿಂತ ಹೆಚ್ಚಿನ ಭಯ. ಅವತ್ತು ಹೊಣೆ ಬೇರೆಯವರದಾಗಿತ್ತು.

ನಾನು ಸರಕು ಕೊಡುವ ಒಂದು ಹೋಟೆಲಿನ ಅಡುಗೆಯವರು ಉಪಾಯ ಹೇಳಿದರು. ಬೆಣ್ಣೆಯಲ್ಲಿ ಈರುಳ್ಳಿ ಹುರಿದು, ಒಂದು ಆಲೂಗಡ್ಡೆ, ಎರಡು ಹಿಡಿ ಪಾರ್ಸ್ಲಿ ಹಾಕಿ ಬೇಯಿಸಿ ರುಬ್ಬಿ ಕೊಡಿ, ರಕ್ತ ಊರುತ್ತದೆ ಎಂದರು. ನಾನು ಬಾಗಿಲಿನ ಪಟ್ಟಿಯನ್ನು ಎರಡು ಸಲ ಓದಿದೆ. ಹದಿನಾಲ್ಕರಲ್ಲಿ ಪಾರ್ಸ್ಲಿ ಇರಲಿಲ್ಲ. ಆ ಪಟ್ಟಿಯನ್ನು ಬರೆದವರು ಕೆಳಗಿನ ಊರಿನ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರು. ಅಲ್ಲಿ ಯಾರು ಪಾರ್ಸ್ಲಿಯನ್ನು ಹಿಡಿಗಟ್ಟಲೆ ತಿನ್ನುತ್ತಾರೆ? ಈ ಯೋಚನೆ ಆಗ ಬರಲಿಲ್ಲ.

ದಿನಾ ಹನ್ನೊಂದು ಗಂಟೆಗೆ ದೊಡ್ಡ ಲೋಟದ ತುಂಬ ಹಸಿರು ಸೂಪು. ಅನ್ನ, ಮೊಟ್ಟೆ ಬಿಟ್ಟರೆ ನನಗೆ ಬರುತ್ತಿದ್ದ ಅಡುಗೆ ಅದೊಂದೇ. ಅವಳು ಕುಡಿದು ಮುಗಿಸುವವರೆಗೆ ಎದುರಿಗೇ ನಿಲ್ಲುತ್ತಿದ್ದೆ. ಊಟಿಗೆ ಹೋಗುವ ದಿನ ಬೆಳಿಗ್ಗೆಯೇ ಮಾಡಿ ಫ್ಲಾಸ್ಕಿನಲ್ಲಿ ತುಂಬಿಟ್ಟು ಹೋಗುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಮ್ಮ ಹಿತ್ತಲಲ್ಲಿ ಮದ್ದೇ ಬೆಳೆದಿದೆ ನೋಡು ಎಂದು ಜಂಬವನ್ನೂ ಕೊಚ್ಚಿದೆ.

ನವೆಂಬರಿನ ಐಎನ್‌ಆರ್ ಒಂದು ಪಾಯಿಂಟ್ ಆರು.

ಮಾತ್ರೆ ತಪ್ಪಿಸಿದಿರಾ ಎಂದು ಊಟಿಯ ಡಾಕ್ಟರ್ ಕೇಳಿದರು. ಇಲ್ಲ ಎಂದೆ. ಸೊಪ್ಪು ತಿಂದಿರಾ ಎಂದರು. ಇಲ್ಲವೇ ಇಲ್ಲ ಎಂದೆ, ಎದೆ ಸೆಟೆಸಿಕೊಂಡು. ಐದು ಮಿಲಿಗ್ರಾಂ ಇದ್ದದ್ದು ಆರಾಯಿತು. ಎರಡು ವಾರಕ್ಕೆ ಮತ್ತೆ ಪರೀಕ್ಷೆ. ಅಂಕಿ ಎರಡಕ್ಕೂ ಏರಲಿಲ್ಲ. ಆರು ಏಳಾಯಿತು. ಡಿಸೆಂಬರಿನಲ್ಲಿ ಒಮ್ಮೆ ಸ್ವಲ್ಪ ಏರಿತು, ಮತ್ತೆ ಇಳಿಯಿತು. ಡಾಕ್ಟರಿಗೆ ನಾಗುವಿನ ಮೇಲೆ ಅನುಮಾನ ಬಂತು. ಮಾತ್ರೆಯನ್ನು ಬಾಯಲ್ಲಿಟ್ಟುಕೊಂಡು ಆಮೇಲೆ ಉಗಿಯುವವರೂ ಇದ್ದಾರಮ್ಮ ಎಂದರು. ಅವಳು ತಲೆ ತಗ್ಗಿಸಿದಳು. ಬಸ್ಸಿನಲ್ಲಿ ಬರುವಾಗ ನಾನೂ ಬೈದೆ. ಸಾಯಬೇಕು ಅಂತಿದ್ದರೆ ಮೊದಲೇ ಹೇಳಬೇಕಿತ್ತು ಎಂದೆ. ಮರುದಿನದಿಂದ ಮಾತ್ರೆ ನುಂಗಿದ ಮೇಲೆ ನಾಲಿಗೆ ಎತ್ತಿ ತೋರಿಸು ಎನ್ನುತ್ತಿದ್ದೆ. ಅವಳು ತೋರಿಸುತ್ತಿದ್ದಳು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಏಳು ಒಂಬತ್ತಾಯಿತು. ಜನವರಿಯ ಮೊದಲ ವಾರ ಐಎನ್‌ಆರ್ ಎರಡು ಪಾಯಿಂಟ್ ಒಂಬತ್ತಕ್ಕೆ ಬಂದು ನಿಂತಿತು. ಎಲ್ಲರಿಗೂ ಸಮಾಧಾನ. ತಿಂಗಳು ಬಿಟ್ಟು ಬನ್ನಿ ಎಂದರು.

ಪೊಂಗಲ್ ಕಳೆದ ಮೇಲೆ ಈ ಸಲ ಪನಿ ಜೋರಾಯಿತು. ನಾನು ದಿನಾ ಕತ್ತಲಿರುವಾಗಲೇ ಎದ್ದು ಸ್ಪ್ರಿಂಕ್ಲರ್ ಬಿಟ್ಟು ಪಾತಿ ಉಳಿಸಿಕೊಂಡೆ. ಆದರೆ ಗುಡ್ಡದ ಹುಲ್ಲಿಗೆ ನೀರು ಬಿಡುವವರು ಯಾರು? ವಾರದಲ್ಲಿ ಅವಲಾಂಚ್ ರಸ್ತೆಯ ಹುಲ್ಲುಗಾವಲೆಲ್ಲ ಕಂದು ಬಣ್ಣಕ್ಕೆ ತಿರುಗಿತು. ಹಸಿರು ಎಂದು ಉಳಿದದ್ದು ಜನ ನೆಟ್ಟು ನೀರು ಕೊಟ್ಟದ್ದು ಮಾತ್ರ. ಒಂದು ಬೆಳಿಗ್ಗೆ ಟಾರ್ಚ್ ಹಿಡಿದು ಕೆಳಗಿಳಿದೆ.

ಪಾರ್ಸ್ಲಿ ಪಾತಿಯಲ್ಲಿ ಏನೂ ಇರಲಿಲ್ಲ.

ಕಾಟಿ, ಅಂದರೆ ಕಾಡುಕೋಣ, ಬಂದಿತ್ತು. ಬೆಳಕಾದ ಮೇಲೆ ಪಕ್ಕದ ಹಟ್ಟಿಯ ಭೋಜಣ್ಣ ಬಂದು ನೋಡಿದ. ನೀಲಗಿರಿಯ ಬಡಗರವನು, ನನಗಿಂತ ಹತ್ತು ವರ್ಷ ದೊಡ್ಡವನು, ಗೊರಸಿನ ಗುರುತು ನೋಡಿಯೇ ಲೆಕ್ಕ ಹೇಳುವವನು. ಆರೇಳು ಇದ್ದವು, ಒಂದು ಕರು ಎಂದ. ಹುಲ್ಲು ಸುಟ್ಟರೆ ಅವು ತಾನೇ ಎಲ್ಲಿಗೆ ಹೋಗುತ್ತವೆ ಎಂದು ಅವುಗಳ ಪರವಾಗಿಯೂ ಎರಡು ಮಾತಾಡಿದ. ಪಾರ್ಸ್ಲಿಯನ್ನು ಬುಡ ಕಾಣುವಂತೆ ಮೇಯ್ದಿದ್ದವು. ಸೆಲೆರಿ, ಲೆಟ್ಯೂಸ್ ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ತೈಮನ್ನು ಮೂಸಿ ಬಿಟ್ಟಿದ್ದವು.

ಆ ಚಳಿಗಾಲದ ದೊಡ್ಡ ನಷ್ಟ ಅದೇ ಎಂದುಕೊಂಡಿದ್ದೆ. ಪಾರ್ಸ್ಲಿ ಬೀಜ ಸೋಮಾರಿ, ನೆನೆಸಿಟ್ಟು ಬಿತ್ತಿದರೂ ಮೊಳೆಯಲೇ ಮೂರು ವಾರ ಬೇಕು, ಕೊಯ್ಲಿಗೆ ಇನ್ನೂ ಎರಡು ತಿಂಗಳು. ಅಲ್ಲಿಯವರೆಗೆ ಸೂಪಿಲ್ಲ. ಬೇರೆಯವರ ತೋಟದಿಂದ ತರಲೇ ಎಂದು ನಾಗುವನ್ನು ಕೇಳಿದೆ. ಬೇಡ ಎಂದಳು, ನನ್ನ ಮಾತು ಮುಗಿಯುವ ಮೊದಲೇ. ಪಾಪ, ನನ್ನ ಓಡಾಟ ನೋಡಲಾರದೆ ಬೇಡ ಅನ್ನುತ್ತಿದ್ದಾಳೆ ಎಂದುಕೊಂಡೆ. ಮಾತ್ರೆ ಮಾತ್ರ ತಪ್ಪಲಿಲ್ಲ. ದಿನಾ ಒಂಬತ್ತು ಮಿಲಿಗ್ರಾಂ, ನನ್ನ ಕೈಯಿಂದಲೇ.

ಹನ್ನೊಂದು ದಿನ ಕಳೆಯಿತು. ಹನ್ನೆರಡನೆಯ ದಿನ ಮಧ್ಯಾಹ್ನ ಅವಳು ಜಗಲಿಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ನಾನು ಬೇಲಿಗೆ ಗೂಟ ಕೆತ್ತುತ್ತಿದ್ದೆ. ಮೂಗಿನಿಂದ ರಕ್ತ ಬಂತು. ಚಳಿಗೆ ಬರುತ್ತದೆ, ಅದೇನು ಹೊಸದಲ್ಲ. ಮೂಗು ಹಿಡಿದು ಕೂತಳು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಟವೆಲು ಒದ್ದೆಯಾಯಿತು. ಎರಡನೆಯದು ತಂದೆ. ಸ್ವೆಟರಿನ ತೋಳು ಸರಿಸಿದಾಗ ಮೊಣಕೈ ಮೇಲೆ ಅಂಗೈ ಅಗಲದ ನೀಲಿ ಕಲೆ ಕಂಡಿತು. ಯಾವಾಗಿನಿಂದ ಎಂದು ಕೇಳಿದೆ.

"ಮೊನ್ನೆಯಿಂದ. ಹೇಳಿದ್ರೆ ಮತ್ತೆ ಬೈತೀರ ಅಂತ ಸುಮ್ಕಿದ್ದೆ. ಬೆಳಿಗ್ಗೆಯಿಂದ ಒಂದಕ್ಕೂ ಕೆಂಪಗೆ ಹೋಯ್ತಾ ಅದೆ."

ಭೋಜಣ್ಣನ ಜೀಪಿನಲ್ಲಿ ಊಟಿಗೆ ಹೋದೆವು. ನಮ್ಮ ಡಾಕ್ಟರ್ ರಜೆಯಲ್ಲಿದ್ದರು. ಇನ್ನೊಂದು ಆಸ್ಪತ್ರೆಗೆ ಕರೆದೊಯ್ದೆ. ಲ್ಯಾಬಿನವರು ಒಮ್ಮೆ ಪರೀಕ್ಷೆ ಮಾಡಿ, ನಂಬದೆ, ಮತ್ತೊಮ್ಮೆ ರಕ್ತ ತೆಗೆದರು.

ಐಎನ್‌ಆರ್ ಒಂಬತ್ತು ದಾಟಿತ್ತು.

ಮೂಗಿಗೆ ಪ್ಯಾಕ್ ತುರುಕಿದರು. ತಲೆಯೊಳಗೆ ರಕ್ತ ಇಳಿದಿದೆಯೇ ನೋಡಬೇಕೆಂದು ಸಿಟಿ ಸ್ಕ್ಯಾನಿಗೆ ಕಳುಹಿಸಿದರು. ಆ ಬಾಗಿಲ ಹೊರಗೆ ನಿಂತಿದ್ದಾಗ ಡ್ಯೂಟಿ ಡಾಕ್ಟರ್ ಬಂದರು. ಮೂವತ್ತು ವರ್ಷದ ಹೆಣ್ಣುಮಗಳು, ತಮಿಳಿನವರು. ಅವರ ತಮಿಳನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಬೇರೆ ಮಾತ್ರೆ ಕೊಟ್ಟಿರಾ? ಇಲ್ಲ. ನಾಟಿ ಔಷಧಿ? ಇಲ್ಲ. ಡೋಸ್ ತಪ್ಪಿ ಎರಡು ಸಲ ಕೊಟ್ಟಿರಾ? ಇಲ್ಲ, ದಿನಾ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಕೊಡುತ್ತೇನೆ. ಹಾಗಾದರೆ ಈ ಎರಡು ವಾರದಲ್ಲಿ ಮನೆಯಲ್ಲಿ ಏನು ಬದಲಾಯಿತು ಎಂದು ಕೇಳಿದರು.

ಏನೂ ಇಲ್ಲ ಎಂದೆ. ಅವರು ಹೋಗಲಿಲ್ಲ, ಪೆನ್ನು ಹಿಡಿದುಕೊಂಡೇ ನಿಂತರು. ನನಗೆ ಸಿಟ್ಟು ಬಂತು. ಒಳಗೆ ಹೆಂಡತಿ ಮಲಗಿದ್ದಾಳೆ, ಇವರಿಗೆ ಮನೆಯ ಸಮಾಚಾರ ಬೇಕು. ಕಾಟಿ ಬಂದು ತೋಟ ಮೇಯ್ದು ಹೋಯಿತು, ಬದಲಾದದ್ದು ಅಷ್ಟೇ ಎಂದೆ.

"ಕಾಟಿ ಏನು ತಿಂತು?"

ಪಾರ್ಸ್ಲಿ ಎಂದೆ. ಅದನ್ನು ನೀವು ತಿನ್ನುತ್ತಿದ್ದಿರಾ ಎಂದರು. ನಾನಲ್ಲ, ಅವಳಿಗೆ ಸೂಪು ಮಾಡಿ ಕೊಡುತ್ತಿದ್ದೆ ಎಂದೆ. ಎಷ್ಟು? ಎರಡೂ ಕೈ ಹಿಡಿ ಮಾಡಿ ತೋರಿಸಿದೆ. ಮಣ್ಣಿನ ಕೆಲಸದ ಕೈ, ಸಣ್ಣ ಹಿಡಿಯಲ್ಲ. ಡಾಕ್ಟರ್ ನನ್ನ ಕೈಗಳನ್ನೇ ನೋಡಿದರು. ಆಮೇಲೆ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತು ಹೇಳಿದರು. ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ, ಅದು ಈ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಪಾರ್ಸ್ಲಿಯಲ್ಲಂತೂ ವಿಪರೀತ. ಒಂದು ಕಡೆಯಿಂದ ಸೂಪು ಅಂಕಿಯನ್ನು ಕೆಳಗೆ ಎಳೆಯುತ್ತಿತ್ತು, ಇನ್ನೊಂದು ಕಡೆಯಿಂದ ಮಾತ್ರೆ ಏರಿಸುತ್ತಾ ಹೋದರು. ಸೂಪು ಒಂದೇ ದಿನಕ್ಕೆ ನಿಂತಿತು. ಮಾತ್ರೆ ನಿಲ್ಲಲಿಲ್ಲ.

"ಒಂಬತ್ತು ಮಿಲಿಗ್ರಾಂ ಕೊಟ್ಟದ್ದು ನಿಮ್ಮ ಹೆಂಡತಿಗಲ್ಲ ಅಯ್ಯಾ. ನಿಮ್ಮ ಸೂಪಿಗೆ."

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರೆ. ಕಾಯುತ್ತೇನೆ ಎಂದು ನಿಂತವನು ನಾನು, ಮೇಯ್ದವನೂ ನಾನು. ಕಾಟಿ ಒಂದು ದಿನ ಬಂದು ಹೋಯಿತು, ನಾನು ಮೂರು ತಿಂಗಳು ದಿನಾ ಹನ್ನೊಂದು ಗಂಟೆಗೆ ಬಂದಿದ್ದೆ. ಮಾತ್ರೆ ಉಗಿಯುತ್ತೀಯಾ ಎಂದು ಬೈದದ್ದೂ ನೆನಪಾಯಿತು. ಅಲ್ಲೇ ಕೂತು ಅತ್ತೆ. ಡಾಕ್ಟರ್ ಎದ್ದು ಹೋಗಿ ಸ್ಕ್ಯಾನ್ ನೋಡಿಕೊಂಡು ಬಂದರು. ತಲೆಯಲ್ಲಿ ಏನೂ ಇಲ್ಲ ಎಂದರು.

ಮಾತ್ರೆ ನಿಲ್ಲಿಸಿ, ಪ್ಲಾಸ್ಮಾ ಕೊಟ್ಟರು. ವಿಟಮಿನ್ ಕೆಯನ್ನು ಬಹಳ ಸ್ವಲ್ಪವೇ ಕೊಟ್ಟರು. ಹೆಚ್ಚು ಕೊಟ್ಟರೆ ವಾಲ್ವ್ ಕಟ್ಟಿಕೊಳ್ಳುತ್ತದಂತೆ. ದಿನಕ್ಕೆರಡು ಸಲ ಪರೀಕ್ಷೆ. ಆರು, ನಾಲ್ಕೂವರೆ, ಮೂರು. ನಾಲ್ಕನೆಯ ದಿನ ಮೂಗಿನ ಪ್ಯಾಕ್ ತೆಗೆದರು. ಅವತ್ತು ನಾನು ನಾಗುವಿಗೆ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ಬಸ್ಸಿನಲ್ಲಿ ಬೈದದ್ದೂ ತಪ್ಪು, ನಾಲಿಗೆ ಎತ್ತಿಸಿದ್ದೂ ತಪ್ಪು ಎಂದೆ. ಬೈಯಲಿ ಎಂದು ಕಾದೆ. ಅವಳು ಗೋಡೆಯ ಕಡೆ ತಿರುಗಿದಳು. ಬಗ್ಗಿ ನೋಡಿದರೆ ನಗುತ್ತಿದ್ದಳು.

"ಬುಧವಾರ, ಶನಿವಾರ ನಾನು ಕುಡೀತಿರ್ಲಿಲ್ಲ ಕನ್ರೀ. ನೀವು ಆಕಡೆ ಹೋಗ್ತಿದ್ದಂಗೆ ಬಚ್ಚಲಿಗೆ ಸುರೀತಿದ್ದೆ. ಆ ವಾಸ್ನೆಗೆ ನಂಗೆ ವಾಕರಿಕೆ."

ಮತ್ತೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಇಪ್ಪತ್ತೆರಡು ವರ್ಷಕ್ಕೆ ನೀವು ಒಲೆ ಮುಂದೆ ನಿಂತು ನಂಗೆ ಅಂತ ಮಾಡಿದ್ದು ಅದೊಂದೇಯ. ಹೆಂಗೆ ಬ್ಯಾಡ ಅನ್ನದು?"

ಕುಡಿದ ದಿನ ಇಳಿದು, ಸುರಿದ ದಿನ ಏರಿ, ಡಿಸೆಂಬರಿನ ಅಂಕಿಗಳು ಯಾಕೆ ಹಾಗೆ ಕುಣಿದವು ಎಂಬುದಕ್ಕೆ ಇದೂ ಒಂದು ಕಾರಣವಿರಬೇಕು. ಡಾಕ್ಟರ್ ಬಂದಾಗ ಇದನ್ನೂ ಹೇಳಿಸಿದೆ. ಅವರು ಇಬ್ಬರನ್ನೂ ಒಮ್ಮೆ ನೋಡಿ, ಅದನ್ನೂ ಬರೆದುಕೊಂಡರು. ಸೊಪ್ಪನ್ನು ಪೂರಾ ಬಿಡಬೇಕಾಗಿಲ್ಲ, ದಿನಾ ಒಂದೇ ಅಳತೆಯಲ್ಲಿ ತಿಂದರೆ ಮಾತ್ರೆಯನ್ನು ಅದಕ್ಕೆ ಹೊಂದಿಸಬಹುದು, ಅಳತೆ ಮಾತ್ರ ಬದಲಾಗಬಾರದು ಎಂದು ವಿವರಿಸಿದರು. ಆಗ ನಾಗು ಬಾಯಿ ಬಿಟ್ಟಳು. ಏಳು ತಿಂಗಳಲ್ಲಿ ಅವಳು ಡಾಕ್ಟರನ್ನು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಹಾಗಾದರೆ ನಾನು ಬಸ್ಸಾರು ತಿನ್ನಬಹುದೇ? ಬಸ್ಸಾರು ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು ಮಾಡುವುದನ್ನು ಹಾಸಿಗೆಯಲ್ಲಿ ಕೂತೇ ಪೂರ್ತಿ ಹೇಳಿಕೊಟ್ಟಳು.

ತಿನ್ನಿ ಎಂದರು. ಒಂದೇ ಬಗೆಯ ಸೊಪ್ಪು, ದಿನಾ ಒಂದು ಹಿಡಿ. ಯಾರ ಹಿಡಿ ಎಂದು ನಾಗು ಕೇಳಿದಳು. ಅವಳ ಹಿಡಿ ಎಂದು ತೀರ್ಮಾನವಾಯಿತು.

ಈಗ ಏಪ್ರಿಲ್. ಅವಳು ಪಾಲಕ್ ಆರಿಸಿಕೊಂಡಿದ್ದಾಳೆ. ಚಳಿಗೆ ಒಗ್ಗುವ ಸೊಪ್ಪು, ಬೇಸಿಗೆಯಲ್ಲೂ ಇಲ್ಲಿ ಬರುತ್ತದೆ. ಇಷ್ಟು ವರ್ಷ ನಾನು ಕೊಯ್ಲು ಒಟ್ಟಿಗೆ ಬರಲಿ ಎಂದು ಬೆಳೆದವನು, ಈಗ ಒಟ್ಟಿಗೆ ಬಾರದಿರಲಿ ಎಂದು ಬೆಳೆಯುತ್ತಿದ್ದೇನೆ. ಹತ್ತು ದಿನಕ್ಕೊಮ್ಮೆ ಒಂದು ಸಣ್ಣ ಸಾಲು ಬಿತ್ತುತ್ತೇನೆ. ಒಂದು ಮುಗಿಯುವಾಗ ಇನ್ನೊಂದು ಕೊಯ್ಲಿಗೆ ಬರಬೇಕು. ನಡುವೆ ಒಂದು ದಿನವೂ ಖಾಲಿ ಇರಬಾರದು. ಸುತ್ತ ಸೋಲಾರ್ ಬೇಲಿ ಹಾಕಿಸಿದೆ. ಬೇಲಿಯನ್ನೂ ನಂಬದೆ ಜಗಲಿಯಲ್ಲಿ ಹತ್ತು ಕುಂಡ ಇಟ್ಟಿದ್ದೇನೆ. ಮುಂದಿನ ಚಳಿಗಾಲಕ್ಕೆ ಕುಂಡಗಳನ್ನು ಸಂಜೆ ಒಳಗೆ ತರಬೇಕು. ಮಳೆಗೆ ರಸ್ತೆ ಕುಸಿದರೂ, ಕಾಟಿ ಬಂದರೂ, ಒಂದು ಹಿಡಿ ತಪ್ಪಬಾರದು. ಕಾಟಿಗೆ ನಾನು ಕೃತಜ್ಞನೇನಲ್ಲ. ಆದರೆ ಅದು ಬಾರದಿದ್ದರೂ ಆ ಸೂಪು ಒಂದು ದಿನ ನಿಲ್ಲುತ್ತಿತ್ತು, ಮಗಳ ಮನೆಗೆ ಹೋದಾಗಲೋ, ನನಗೆ ಜ್ವರ ಬಂದಾಗಲೋ. ಆಗ ಇಂಥ ಪ್ರಶ್ನೆ ಕೇಳುವ ಡಾಕ್ಟರ್ ಸಿಗುತ್ತಿದ್ದರೋ ಇಲ್ಲವೋ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಲೋಹದ ವಾಲ್ವ್ ಇರುವವರೆಗೆ ಆ ಮಾತಿಲ್ಲ. ಹೋದ ವಾರ ಆ ತಮಿಳು ಡಾಕ್ಟರಿಗೇ ತೋರಿಸಲು ಹೋಗಿದ್ದೆವು. ಐಎನ್‌ಆರ್ ಎರಡು ಪಾಯಿಂಟ್ ಎಂಟು, ಸತತ ನಾಲ್ಕನೆಯ ಸಲ ಅಳತೆಯೊಳಗೆ. ಡಾಕ್ಟರ್ ತಮ್ಮ ಪದ್ಧತಿಯಂತೆ ಮನೆಯಲ್ಲಿ ಏನಾದರೂ ಬದಲಾಗಿದೆಯೇ ಎಂದು ಕೇಳಿದರು. ನಾನು ಇಲ್ಲ ಎನ್ನಲು ಬಾಯಿ ತೆರೆದಿದ್ದೆ. ನಾಗು ಮೊದಲು ಮಾತಾಡಿದಳು.

"ಒಂದು ಬದಲಾಗ್ಯದೆ. ಇವ್ರು ಈಗ ಏನ್ ಮಾಡಕ್ ಮುಂಚೆನೂ ನನ್ನ ಒಂದ್ ಮಾತು ಕೇಳ್ತರೆ."

ಡಾಕ್ಟರ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅದನ್ನು ನಿಲ್ಲಿಸಬೇಡಿ ಎಂದು ಹೇಳಿ, ಹಿಂದಿನ ಡೋಸನ್ನೇ ಮುಂದುವರಿಸಿ ಚೀಟಿ ಬರೆದರು. ಚೀಟಿಗೆ ನಾನು ಕೈ ಚಾಚಿದೆ. ಅವರು ಅದನ್ನು ನಾಗುವಿನ ಕೈಗೆ ಕೊಟ್ಟರು.